ಹೋಮಿಯೋಪತಿಯ ಮೊದಲ ದಿನಗಳು ಮತ್ತು ಮೂಲ ಗ್ರಂಥಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಹೋಮಿಯೋಪತಿ ಅಂದ ಕೂಡಲೇ ಮಾತು ಎರಡು ಪಕ್ಷವಾಗುತ್ತದೆ. "ನಮ್ಮ ಮನೆಯಲ್ಲಿ ಶೀತದಿಂದ ಹಿಡಿದು ಎಲ್ಲದಕ್ಕೂ ಅದೇ ಗುಳಿಗೆ" ಅನ್ನುವವರು ಒಂದು ಕಡೆ. "ಬರೀ ಸಕ್ಕರೆ ರೀ" ಅನ್ನುವವರು ಇನ್ನೊಂದು ಕಡೆ. ಮೂಲ ಪುಸ್ತಕಗಳನ್ನು ತೆರೆದು ನೋಡಿದವರು ಎರಡೂ ಕಡೆ ಕಡಿಮೆ. "ಹಾನಿಮನ್ ಹೀಗೆ ಹೇಳಿದ್ದಾರೆ" ಎಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದ್ದು "ಯಾವ ವರ್ಷದಲ್ಲಿ?" ಅಂತ. 1790ರ ಹಾನಿಮನ್, 1810ರ ಹಾನಿಮನ್, 1828ರ ಹಾನಿಮನ್ ಒಂದೇ ಮಾತು ಹೇಳುವುದಿಲ್ಲ. ಈ ಪುಟ ಆ ಇತಿಹಾಸದ ಬಗ್ಗೆ. ಇಲ್ಲಿ ಯಾವ ಕಾಯಿಲೆಗೂ ಮದ್ದು ಹೇಳಿಲ್ಲ.

## ಹೋಮಿಯೋಪತಿ ಶುರು ಮಾಡಿದ ಹಾನಿಮನ್ ಯಾರು?

ಸ್ಯಾಮ್ಯುಯೆಲ್ ಹಾನಿಮನ್ ಹುಟ್ಟಿದ್ದು 1755ರ ಏಪ್ರಿಲ್ 10ರಂದು, ಜರ್ಮನಿಯ ಸ್ಯಾಕ್ಸನಿ ಸೀಮೆಯ ಮೈಸೆನ್ ಊರಿನಲ್ಲಿ. ಪಿಂಗಾಣಿಗೆ ಹೆಸರಾದ ಊರು ಅದು. ಅಪ್ಪ ಅಲ್ಲಿನ ಕಾರ್ಖಾನೆಯಲ್ಲಿ ಪಿಂಗಾಣಿ ಪಾತ್ರೆಗಳ ಮೇಲೆ ಚಿತ್ರ ಬರೆಯುತ್ತಿದ್ದರು. ಮನೆಯಲ್ಲಿ ದುಡ್ಡಿಗೆ ತಾಪತ್ರಯ, ಹುಡುಗನಿಗೆ ಭಾಷೆಗಳ ಹುಚ್ಚು. ಇವೆರಡೂ ಸೇರಿ ಅವರ ಬದುಕಿನ ದಾರಿ ತೀರ್ಮಾನವಾಯಿತು ಅನ್ನಬಹುದು. 1775ರಲ್ಲಿ ಲೈಪ್‌ಜಿಗ್‌ಗೆ ವೈದ್ಯಕೀಯ ಓದಲು ಹೋದಾಗ ಹೊಟ್ಟೆಪಾಡಿಗೆ ಮಾಡಿದ್ದು ಭಾಷೆ ಕಲಿಸುವುದು, ಪುಸ್ತಕ ಅನುವಾದಿಸುವುದು. ಲೈಪ್‌ಜಿಗ್‌ನಲ್ಲಿ ಪಾಠ ಇತ್ತು, ರೋಗಿಗಳನ್ನು ನೋಡಿ ಕಲಿಯಲು ಆಸ್ಪತ್ರೆ ಇರಲಿಲ್ಲ. ಅದಕ್ಕೆ ವಿಯೆನ್ನಾಕ್ಕೆ ಹೋದರು. ಕೈ ಖಾಲಿಯಾದಾಗ ಟ್ರಾನ್ಸಿಲ್ವೇನಿಯಾದ ಗವರ್ನರ್ ಬ್ರುಕೆಂಥಾಲ್ ಅವರ ಬಳಿ ಗ್ರಂಥಪಾಲಕರಾಗಿ, ಮನೆವೈದ್ಯರಾಗಿ ಕೆಲಸ ಮಾಡಿದರು. ಎಂ.ಡಿ. ಪದವಿ ಸಿಕ್ಕಿದ್ದು 1779ರಲ್ಲಿ, ಎರ್ಲಾಂಗನ್‌ನಲ್ಲಿ.

ಅಂದರೆ ಇವರು ನಾಟಿ ವೈದ್ಯರೂ ಅಲ್ಲ, ಹೊರಗಿನಿಂದ ಬಂದ ಸಾಧುವೂ ಅಲ್ಲ. ಆ ಕಾಲದ ಅಧಿಕೃತ ವೈದ್ಯಕೀಯವನ್ನು ಪೂರ್ತಿ ಓದಿ, ಅದರ ಮೇಲೇ ಸಿಟ್ಟಾದವರು. ರಸಾಯನಶಾಸ್ತ್ರದಲ್ಲೂ ಒಳ್ಳೆಯ ಹೆಸರಿತ್ತು. 1786ರಲ್ಲಿ ಆರ್ಸೆನಿಕ್ ವಿಷದ ಬಗ್ಗೆ ಒಂದು ಪುಸ್ತಕ ಬರೆದರು. ವೈನ್‌ಗೆ ಸೀಸ ಬೆರೆಸಿದ್ದರೆ ಪತ್ತೆ ಹಚ್ಚುವ ಒಂದು ಪರೀಕ್ಷೆಯನ್ನೂ ರೂಪಿಸಿದರು. ಹೋಮಿಯೋಪತಿ ಇಲ್ಲದಿದ್ದರೂ ರಸಾಯನಶಾಸ್ತ್ರದ ಇತಿಹಾಸದಲ್ಲಿ ಅವರಿಗೆ ಒಂದು ಅಡಿಟಿಪ್ಪಣಿ ಸಿಗುತ್ತಿತ್ತು.

## ಅಷ್ಟು ಸಿಟ್ಟು ಯಾಕೆ? ಆಗಿನ ವೈದ್ಯಕೀಯದಲ್ಲಿ ಏನಾಗಿತ್ತು?

ಜ್ವರ ಬಂದರೆ ರಕ್ತ ತೆಗೆಯುವುದು, ಬೇಧಿ ಮಾಡಿಸುವುದು, ವಾಂತಿ ಮಾಡಿಸುವುದು, ಚರ್ಮದ ಮೇಲೆ ಬೊಬ್ಬೆ ಎಬ್ಬಿಸುವುದು: ಆಗಿನ ದೊಡ್ಡ ಡಾಕ್ಟರುಗಳ ಚಿಕಿತ್ಸೆ ಇದು. ಪಾದರಸವನ್ನು ಜೊಲ್ಲು ಸುರಿಯುವಷ್ಟು ಕೊಡುತ್ತಿದ್ದರು. ಒಂದೇ ಚೀಟಿಯಲ್ಲಿ ಹತ್ತಾರು ಮದ್ದು ಬೆರೆಸುತ್ತಿದ್ದರು. ರೋಗಿ ಉಳಿದರೆ ಯಾವುದರಿಂದ ಉಳಿದ, ಸತ್ತರೆ ಯಾವುದರಿಂದ ಸತ್ತ ಎಂದು ಹೇಳಲು ದಾರಿಯೇ ಇರಲಿಲ್ಲ.

1792ರ ಮಾರ್ಚ್ 1ರಂದು ಚಕ್ರವರ್ತಿ ಎರಡನೇ ಲಿಯೋಪೋಲ್ಡ್ ತೀರಿಕೊಂಡರು. ಕಾಯಿಲೆ ಬಿದ್ದ ಕೆಲವೇ ದಿನಗಳಲ್ಲಿ ಅವರಿಗೆ ನಾಲ್ಕು ಸಲ ರಕ್ತ ತೆಗೆದಿದ್ದರು. ಹಾನಿಮನ್ ಸುಮ್ನೆ ಇರಲಿಲ್ಲ. ಒಂದು ಸಲ ತೆಗೆದು ಗುಣ ಕಾಣದಿದ್ದ ಮೇಲೆ ಎರಡನೆಯದು, ಮೂರನೆಯದು, ನಾಲ್ಕನೆಯದು ಯಾಕೆ ಎಂದು ಆಸ್ಥಾನದ ವೈದ್ಯರನ್ನು ಪತ್ರಿಕೆಯಲ್ಲೇ ಕೇಳಿದರು. ಅದೇ ವರ್ಷ ಗಿಯೋರ್ಗೆಂಥಾಲ್‌ನಲ್ಲಿ ಮಾನಸಿಕ ರೋಗಿಯೊಬ್ಬರನ್ನು ನೋಡಿಕೊಂಡಾಗ, ಹೊಡೆತ ಬಡಿತ ಕೂಡದು ಎಂದು ಪಟ್ಟು ಹಿಡಿದರು. ಹುಚ್ಚರನ್ನು ಸರಪಳಿಯಲ್ಲಿ ಕಟ್ಟಿಹಾಕುತ್ತಿದ್ದ ಕಾಲ ಅದು. ಅವರ ಸಿಟ್ಟಿನಲ್ಲಿ ನ್ಯಾಯ ಇತ್ತು ಎಂದು ಇವತ್ತಿನ ವೈದ್ಯಕೀಯ ಇತಿಹಾಸಕಾರರೂ ಒಪ್ಪುತ್ತಾರೆ. ಆದರೆ ಹಳೆಯದನ್ನು ತಪ್ಪು ಎಂದು ತೋರಿಸುವುದು ಬೇರೆ, ಹೊಸದನ್ನು ಸರಿ ಎಂದು ಸಾಬೀತು ಮಾಡುವುದು ಬೇರೆ. ಈ ವ್ಯತ್ಯಾಸ ಮುಂದೆ ಮತ್ತೆ ಮತ್ತೆ ಎದುರಾಗುತ್ತದೆ.

## ಸಿಂಕೋನಾ ತೊಗಟೆಯ ಕಥೆ ನಿಜವಾ?

ನಿಜ. ಆದರೆ ನಾವು ಕೇಳಿರುವಷ್ಟು ನೇರವಾದ ಕಥೆಯಲ್ಲ.

ಎಡಿನ್‌ಬರೋದ ವಿಲಿಯಂ ಕಲನ್ ಆಗ ಯುರೋಪಿನ ಹೆಸರಾಂತ ವೈದ್ಯ ಪ್ರಾಧ್ಯಾಪಕರು. ಔಷಧಿಗಳ ಬಗ್ಗೆ ಅವರ ಎರಡು ಸಂಪುಟದ ಪುಸ್ತಕ 1789ರಲ್ಲಿ ಬಂತು. ಅದನ್ನು ಜರ್ಮನ್‌ಗೆ ತಂದವರು ಹಾನಿಮನ್. ವೃತ್ತಿಯಿಂದ ಬೇಸತ್ತು, ದೊಡ್ಡ ಸಂಸಾರ ಸಾಕಲು ಅನುವಾದವನ್ನೇ ನೆಚ್ಚಿಕೊಂಡಿದ್ದ ದಿನಗಳವು. ಸಿಂಕೋನಾ ತೊಗಟೆ ವಿಷಮಜ್ವರಕ್ಕೆ, ಅಂದರೆ ನಾವು ಈಗ ಮಲೇರಿಯಾ ಅನ್ನುವುದಕ್ಕೆ, ಕೆಲಸ ಮಾಡುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಯಾಕೆ ಕೆಲಸ ಮಾಡುತ್ತದೆ? ಅದು ಕಹಿ ಮತ್ತು ಒಗರು, ಹೊಟ್ಟೆಗೆ ಬಲ ಕೊಡುತ್ತದೆ, ಅದಕ್ಕೇ ಎಂದರು ಕಲನ್. ಹಾನಿಮನ್‌ಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ಇದಕ್ಕಿಂತ ಕಹಿಯಾದದ್ದು, ಒಗರಾದದ್ದು ಬೇಕಾದಷ್ಟಿವೆ, ಅವು ಜ್ವರ ಬಿಡಿಸುವುದಿಲ್ಲವಲ್ಲ ಎಂಬ ತಕರಾರು. ಒಳ್ಳೆಯ ತಕರಾರೇ.

ಹಾಗಾಗಿ ತಾವೇ ತೊಗಟೆ ತಿಂದು ನೋಡಿದರು. ದಿನಕ್ಕೆ ಎರಡು ಸಲ, ಸಲಕ್ಕೆ ನಾಲ್ಕು ಡ್ರಾಂ. ಒಂದು ಹೊತ್ತಿಗೆ ಸುಮಾರು 15 ಗ್ರಾಂ ಪುಡಿ ಅಂದುಕೊಳ್ಳಿ. ಆಮೇಲೆ ಏನಾಯಿತು ಎಂದು 1790ರ ಅನುವಾದದ ಅಡಿಟಿಪ್ಪಣಿಯಲ್ಲಿ ಬರೆದಿದ್ದಾರೆ. ಮೊದಲು ಪಾದ, ಬೆರಳ ತುದಿ ತಣ್ಣಗಾದವು. ಸುಸ್ತು, ತೂಕಡಿಕೆ. ಆಮೇಲೆ ಎದೆ ಡವಗುಟ್ಟಿತು, ನಾಡಿ ಗಟ್ಟಿಯಾಗಿ ಜೋರಾಯಿತು. ತಾಳಲಾರದ ಕಳವಳ, ನಡುಕ, ಕೆನ್ನೆ ಕೆಂಪು, ಬಾಯಾರಿಕೆ. ಪ್ರತಿ ಸಲವೂ ಎರಡು ಮೂರು ಗಂಟೆ ಇದ್ದು ಹೋಗುತ್ತಿತ್ತು, ಮತ್ತೆ ತಿಂದರೆ ಮತ್ತೆ ಬರುತ್ತಿತ್ತು. ತೊಗಟೆ ನಿಲ್ಲಿಸಿದರು, ಆರೋಗ್ಯ ಸರಿಯಾಯಿತು. ವಿಷಮಜ್ವರದಲ್ಲಿ ತಾವು ಕಂಡ ಲಕ್ಷಣಗಳೇ ಇವು ಅನ್ನಿಸಿತು ಅವರಿಗೆ.

ಕಥೆ ಹೇಳುವವರು ಬಿಟ್ಟುಬಿಡುವ ಒಂದು ಮಾತು ಅದೇ ಟಿಪ್ಪಣಿಯಲ್ಲಿದೆ: ನಿಜವಾದ ಚಳಿನಡುಕ ಬರಲಿಲ್ಲ ಅಂತ. ಅಂದರೆ ಅವರಿಗೆ ಆದದ್ದು ಮಲೇರಿಯಾದಂಥ ಅನುಭವ, ಮಲೇರಿಯಾ ಜ್ವರವಲ್ಲ. ಸಿಂಕೋನಾ ತಿಂದ ಎಲ್ಲರಿಗೂ ಹೀಗಾಗುವುದಿಲ್ಲ. ಅವರ ಮೈಗೆ ಅದು ಒಗ್ಗುತ್ತಿರಲಿಲ್ಲವೇನೋ ಎಂದು ಊಹಿಸುವವರಿದ್ದಾರೆ. ತೊಗಟೆಯಿಂದ ಕ್ವಿನೈನ್ ಬೇರ್ಪಡಿಸಿದ್ದು 1820ರಲ್ಲಿ, ಮಲೇರಿಯಾದ ಪರಾವಲಂಬಿಯನ್ನು ಲಾವೆರಾನ್ ಕಂಡಿದ್ದು 1880ರಲ್ಲಿ. ಕ್ವಿನೈನ್ ಆ ಪರಾವಲಂಬಿಯನ್ನು ಕೊಲ್ಲುತ್ತದೆ. ಕಹಿ ಕಾರಣ ಎಂದ ಕಲನ್ ಲೆಕ್ಕವೂ ತಪ್ಪು, ಹೋಲಿಕೆ ಕಾರಣ ಎಂದ ಹಾನಿಮನ್ ಲೆಕ್ಕವೂ ತಪ್ಪು. ಆಗ ಇದು ಇಬ್ಬರಿಗೂ ತಿಳಿಯುವ ಹಾಗಿರಲಿಲ್ಲ.

## ಹಾಗಾದರೆ ಹೋಮಿಯೋಪತಿ ಹುಟ್ಟಿದ್ದು 1790ರಲ್ಲಾ?

ಅಡಿಟಿಪ್ಪಣಿ ಒಂದು ಅನುಮಾನ ಅಷ್ಟೇ. ಅದನ್ನು ತತ್ವವಾಗಿ ಮುಂದಿಟ್ಟಿದ್ದು ಆರು ವರ್ಷ ಆದ ಮೇಲೆ. 1796ರಲ್ಲಿ ಹೂಫೆಲಾಂಡ್ ಎಂಬ ಪ್ರಸಿದ್ಧ ವೈದ್ಯರು ನಡೆಸುತ್ತಿದ್ದ ಪತ್ರಿಕೆಯಲ್ಲಿ, ಔಷಧಿಗಳ ಗುಣ ತಿಳಿಯಲು ಒಂದು ಹೊಸ ಸೂತ್ರ ಎಂಬ ಅರ್ಥದ ಉದ್ದನೆಯ ಪ್ರಬಂಧ ಬಂತು. ಆರೋಗ್ಯವಂತರಲ್ಲಿ ಒಂದು ಮದ್ದು ಯಾವ ಕೃತಕ ಕಾಯಿಲೆ ತರುತ್ತದೋ, ಅದಕ್ಕೆ ತೀರಾ ಹೋಲುವ ಕಾಯಿಲೆಗೆ ಆ ಮದ್ದನ್ನೇ ಕೊಡಿ: ಸಾರ ಇಷ್ಟು. ಹೆಚ್ಚಿನ ಇತಿಹಾಸಕಾರರು ಹೋಮಿಯೋಪತಿಯ ಹುಟ್ಟಿದ ವರ್ಷ ಎಂದು ಲೆಕ್ಕ ಹಿಡಿಯುವುದು ಇದನ್ನೇ. ಅದೇ ವರ್ಷ ಇಂಗ್ಲೆಂಡಿನಲ್ಲಿ ಎಡ್ವರ್ಡ್ ಜೆನ್ನರ್ ದನದ ಸಿಡುಬಿನ ಲಸಿಕೆ ಹಾಕಿದರು. ಹಾನಿಮನ್ ಮುಂದೆ ಅದನ್ನೂ ತಮ್ಮ ಸೂತ್ರಕ್ಕೆ ಉದಾಹರಣೆಯಾಗಿ ಎಳೆದುಕೊಂಡರು.

'ಹೋಮಿಯೋಪತಿ' ಎಂಬ ಹೆಸರು ಅವರ ಬರಹದಲ್ಲಿ ಕಾಣುವುದು 1807ರಲ್ಲಿ. ಎದುರಾಳಿಗಳಿಗೆ 'ಅಲೋಪತಿ' ಎಂದು ಹೆಸರಿಟ್ಟವರೂ ಅವರೇ. ಇವತ್ತು ನಮ್ಮೂರಿನ ಎಂ.ಬಿ.ಬಿ.ಎಸ್. ಡಾಕ್ಟರುಗಳೂ ಅದನ್ನು ಸಲೀಸಾಗಿ ಬಳಸುತ್ತಾರೆ. ಅದು ಬೈಗುಳವಾಗಿ ಹುಟ್ಟಿದ್ದು ಎಂದು ಯಾರಿಗೂ ನೆನಪಿಲ್ಲ.

## 'ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು' ಅನ್ನುವುದು ನಮ್ಮಲ್ಲೂ ಇದೆ. ಇದರಲ್ಲಿ ಹೊಸದೇನು?

ಯೋಚನೆ ಹಳೆಯದೇ. 'ವಿಷಸ್ಯ ವಿಷಮೌಷಧಂ' ಅನ್ನುವುದು ನಮಗೆ ಗೊತ್ತು. ಗ್ರೀಕರ ಹಿಪಾಕ್ರಟಿಸ್ ಹೆಸರಿನ ಬರಹಗಳಲ್ಲೂ ಇಂಥ ಮಾತುಗಳಿವೆ. 16ನೇ ಶತಮಾನದ ಪ್ಯಾರಾಸೆಲ್ಸಸ್ ಕೂಡ ಈ ದಾರಿಯಲ್ಲಿ ಮಾತಾಡಿದ್ದಾರೆ. ಹಾನಿಮನ್‌ಗೆ ಇನ್ನೂ ಹತ್ತಿರದವರು ವಿಯೆನ್ನಾದ ಆಂಟನ್ ಫಾನ್ ಸ್ಟೋರ್ಕ್. 1760ರ ದಶಕದಲ್ಲಿ ಅವರು ವಿಷದ ಗಿಡಗಳನ್ನು ತಮ್ಮ ಮೇಲೇ ಪರೀಕ್ಷಿಸಿದರು. ದತ್ತೂರಿ ಜಾತಿಯ ಗಿಡ ಆರೋಗ್ಯವಂತರ ತಲೆ ಕೆಡಿಸುತ್ತದಲ್ಲ, ತಲೆ ಕೆಟ್ಟವರಿಗೆ ಕೊಟ್ಟರೆ ಸರಿಹೋಗಬಹುದಾ ಎಂದು ಕೇಳಿದ್ದರು. ಮದ್ದನ್ನು ಮೊದಲು ಆರೋಗ್ಯವಂತರ ಮೇಲೆ ಪರೀಕ್ಷಿಸಬೇಕು ಎಂದು ಆಲ್‌ಬ್ರೆಕ್ಟ್ ಫಾನ್ ಹಾಲರ್ ಹೇಳಿದ್ದರು. ಹಾನಿಮನ್ ಅದನ್ನು ಒಪ್ಪಿಕೊಂಡು ಅವರ ಹೆಸರನ್ನೂ ಹೇಳಿದ್ದಾರೆ.

ಹೊಸದು ಏನೆಂದರೆ, ಎಲ್ಲೋ ಒಂದೆರಡು ಮದ್ದಿಗೆ ಹೊಂದುತ್ತಿದ್ದ ಮಾತನ್ನು ಎಲ್ಲ ಕಾಯಿಲೆಗೂ ಒಂದೇ ನಿಯಮ ಮಾಡಿದ್ದು. ಆಯುರ್ವೇದದಲ್ಲಿ ಇದು ಹಲವು ದಾರಿಗಳಲ್ಲಿ ಒಂದು. ಹಾನಿಮನ್‌ಗೆ ಕೊನೆಗೆ ಇದೊಂದೇ ದಾರಿ. ಅವರು ಇದನ್ನು ನಮ್ಮ ಗ್ರಂಥಗಳಿಂದ ಕದ್ದರು ಎಂದು ವಾಟ್ಸಾಪ್‌ನಲ್ಲಿ ಬರುವ ಮಾತಿಗೆ ಆಧಾರ ಇಲ್ಲ.

## ಮೊದಲಿನಿಂದಲೂ ಇಷ್ಟು ಚಿಕ್ಕ ಪ್ರಮಾಣದಲ್ಲೇ ಕೊಡುತ್ತಿದ್ದರಾ?

ಇಲ್ಲ. ಜಾಸ್ತಿ ಜನ ತಪ್ಪು ತಿಳಿದಿರುವುದು ಇಲ್ಲೇ. ಸಿಂಕೋನಾ ಪ್ರಯೋಗದ ಪ್ರಮಾಣ ನೋಡಿದಿರಲ್ಲ. 1790ರ ದಶಕದಲ್ಲಿ ಅವರು ರೋಗಿಗಳಿಗೆ ಕೊಡುತ್ತಿದ್ದದ್ದೂ ಕಣ್ಣಿಗೆ ಕಾಣುವ, ತೂಕ ಮಾಡಬಹುದಾದ ಮದ್ದನ್ನೇ. ಹೋಲುವ ಮದ್ದು ಕೊಟ್ಟರೆ ಮೊದಲು ಕಾಯಿಲೆ ಉಲ್ಬಣಿಸುತ್ತಿತ್ತು. ಆ ಉಲ್ಬಣ ತಪ್ಪಿಸಲು ಪ್ರಮಾಣ ಇಳಿಸಿದರು, ಮತ್ತೆ ಇಳಿಸಿದರು. 1799-1800ರ ಹೊತ್ತಿಗೆ ಸ್ಕಾರ್ಲೆಟ್ ಜ್ವರ ಹಬ್ಬಿದಾಗ ಬೆಲ್ಲಡೋನಾ ಎಂಬ ವಿಷದ ಗಿಡದ ಮದ್ದನ್ನು ತೀರಾ ತೆಳ್ಳಗೆ ಮಾಡಿ ಕೊಟ್ಟರು. ಆ ಮದ್ದು ಯಾವುದೆಂದು ಮೊದಲು ಬಾಯಿಬಿಡಲಿಲ್ಲ. ಅದಕ್ಕೆ ಬೈಗುಳ ತಿಂದರು. 1801ರ ಕಿರುಪುಸ್ತಕದಲ್ಲಿ ಬಹಿರಂಗ ಮಾಡಿದರು.

ಆಮೇಲೆ ಲೆಕ್ಕ ಒಂದು ಪದ್ಧತಿಗೆ ಬಂತು. ಒಂದು ಪಾಲು ಮದ್ದು, 99 ಪಾಲು ಮದ್ಯಸಾರ ಅಥವಾ ಹಾಲುಸಕ್ಕರೆ: ಇದು 1ಸಿ. ಅದರಿಂದ ಒಂದು ಪಾಲು ತೆಗೆದು ಮತ್ತೆ 99ಕ್ಕೆ ಸೇರಿಸಿದರೆ 2ಸಿ. ಹೀಗೆ 30 ಸಲ ಮಾಡಿದರೆ 30ಸಿ, ಅಂದರೆ 1ರ ಮುಂದೆ 60 ಸೊನ್ನೆ ಹಾಕಿದಷ್ಟು ಪಾಲಿನಲ್ಲಿ ಒಂದು. 12ಸಿ ದಾಟುವ ಹೊತ್ತಿಗೇ ಮೂಲವಸ್ತುವಿನ ಒಂದು ಅಣು ಉಳಿದಿರುವ ಸಾಧ್ಯತೆಯೂ ಹೋಗಿಬಿಡುತ್ತದೆ. ಒಂದೇ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಒಂದೇ ಎಂಬ ಊಹೆಯನ್ನು ವಿಜ್ಞಾನಿ ಅವೊಗಾಡ್ರೋ ಮುಂದಿಟ್ಟಿದ್ದು 1811ರಲ್ಲಿ, ಅಣುಗಳ ಗಾತ್ರದ ಅಂದಾಜು ಸಿಕ್ಕಿದ್ದು 1865ರಲ್ಲಿ. ಆದರೂ ಇಷ್ಟು ತೆಳುವಾದದ್ದರಲ್ಲಿ ಏನೂ ಇರಲಾರದು ಎಂಬ ಆಕ್ಷೇಪ ಹಾನಿಮನ್ ಬದುಕಿದ್ದಾಗಲೇ ಬಂದಿತ್ತು. ಅವರ ಉತ್ತರ: ಕುಲುಕಿ, ಅರೆದು ಮದ್ದಿನೊಳಗಿನ ಶಕ್ತಿಯನ್ನು ಹೊರಗೆ ತರುತ್ತೇವೆ, ವಸ್ತು ಮುಖ್ಯವಲ್ಲ. ಎಷ್ಟು ಸಲ ಕುಲುಕಬೇಕು ಎಂಬುದರಲ್ಲೂ ಅವರ ಮಾತು ಬದಲಾಗಿದೆ. ಒಂದು ಕಾಲಕ್ಕೆ ಎರಡೇ ಕುಲುಕು ಸಾಕು, ಜಾಸ್ತಿ ಮಾಡಿದರೆ ಮದ್ದು ಉಗ್ರವಾಗುತ್ತದೆ ಎಂದವರು, ಕೊನೆಯ ಬರಹದಲ್ಲಿ ಚರ್ಮದ ಹೊದಿಕೆಯ ಪುಸ್ತಕದಂಥ ವಸ್ತುವಿಗೆ ನೂರು ಸಲ ಬಡಿಯಿರಿ ಎಂದಿದ್ದಾರೆ.

## 'ಪ್ರೂವಿಂಗ್' ಅಂದರೆ ಏನು? ಯಾರ ಮೇಲೆ ಮಾಡಿದರು?

ಆರೋಗ್ಯವಂತರಿಗೆ ಮದ್ದು ಕೊಟ್ಟು, ಅವರಿಗೆ ಏನೇನು ಅನ್ನಿಸಿತು ಎಂದು ಬರೆದುಕೊಳ್ಳುವುದು. ಮೊದಲು ತಮ್ಮ ಮೇಲೆ, ಆಮೇಲೆ ಹೆಂಡತಿ ಮಕ್ಕಳ ಮೇಲೆ, ಗೆಳೆಯರ ಮೇಲೆ. 1812ರಲ್ಲಿ ಲೈಪ್‌ಜಿಗ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಹಕ್ಕು ಸಿಕ್ಕಿತು. ಆಗ ಸ್ಟಾಪ್ಫ್, ಗ್ರಾಸ್, ಹಾರ್ಟ್‌ಮನ್, ಫ್ರಾಂಜ್, ಹಾರ್ನ್‌ಬರ್ಗ್ ಮೊದಲಾದ ಶಿಷ್ಯರ ಗುಂಪು ಸೇರಿತು. ಪ್ರಯೋಗದ ದಿನಗಳಲ್ಲಿ ಸಾದಾ ಊಟ, ಕಾಫಿ-ಟೀ-ಮದ್ಯ-ಮಸಾಲೆ ಬಂದ್. ತಲೆನೋವು ಎಂದರೆ ಸಾಲದು. ಯಾವ ಕಡೆ, ಯಾವ ಹೊತ್ತು, ಕೂತಾಗಲೋ ನಡೆವಾಗಲೋ, ಗಾಳಿಗೆ ಹೋದರೆ ಕಡಿಮೆಯೋ ಜಾಸ್ತಿಯೋ, ಎಲ್ಲವನ್ನೂ ಬರೆಯಬೇಕು.

ಮೊದಲ ಫಲ 1805ರ ಲ್ಯಾಟಿನ್ ಪುಸ್ತಕ, 'ಫ್ರಾಗ್ಮೆಂಟಾ'. 27 ಔಷಧಿಗಳ ಲಕ್ಷಣಗಳು ಒಂದು ಭಾಗದಲ್ಲಿ, ಹುಡುಕಲು ಸೂಚಿ ಇನ್ನೊಂದರಲ್ಲಿ. ಆಮೇಲೆ 1811ರಿಂದ 1821ರವರೆಗೆ ಆರು ಸಂಪುಟಗಳಲ್ಲಿ 'ಮೆಟೀರಿಯಾ ಮೆಡಿಕಾ ಪ್ಯೂರಾ' ಬಂತು. ಕಾದಂಬರಿಯಂತೆ ಓದಲು ಹೋದರೆ ನಿದ್ದೆ ಗ್ಯಾರಂಟಿ. ಸಾಲು ಸಾಲು ಲಕ್ಷಣಗಳ ಪಟ್ಟಿ ಅದು.

ಮದ್ದನ್ನು ಒಂದೊಂದಾಗಿ, ಬೆರಕೆಯಿಲ್ಲದೆ, ಮನುಷ್ಯರ ಮೇಲೆ ಕ್ರಮವಾಗಿ ಪರೀಕ್ಷಿಸಬೇಕೆಂಬ ಹಟ ಆ ಕಾಲಕ್ಕೆ ದೊಡ್ಡದು. ನನ್ನ ಮಟ್ಟಿಗೆ ಹಾನಿಮನ್ ಅವರ ಉಳಿಯುವ ಕೊಡುಗೆ ಇದೇ. ಆದರೆ ಮದ್ದು ತೆಗೆದುಕೊಳ್ಳದವರ ಒಂದು ಗುಂಪನ್ನು ಪಕ್ಕಕ್ಕಿಟ್ಟು ಹೋಲಿಸಿ ನೋಡುವ ವ್ಯವಸ್ಥೆ ಅದರಲ್ಲಿರಲಿಲ್ಲ. ವಾರಗಟ್ಟಲೆ ಮೈಮೇಲೆ ಕಣ್ಣಿಟ್ಟು ಕೂತರೆ ಏನೂ ತಿನ್ನದವರಿಗೂ ಎಲ್ಲೋ ಒಂದು ಕಡೆ ತುರಿಕೆ, ಇನ್ನೊಂದು ಕಡೆ ಚುಚ್ಚು ಇದ್ದೇ ಇರುತ್ತದೆ, ಅಲ್ವಾ?

## ಆ ಮದ್ದುಗಳೆಲ್ಲ ಗಿಡಮೂಲಿಕೆಯೇ?

ಅಲ್ಲ. ಕಾಸರಕ, ಬೆಲ್ಲಡೋನಾ, ಅಫೀಮು ಇವು ಗಿಡದವು. ಪಾದರಸ, ಆರ್ಸೆನಿಕ್, ಗಂಧಕ, ಅಡುಗೆ ಉಪ್ಪು, ಇದ್ದಿಲು, ಕಪ್ಪೆಚಿಪ್ಪು, ಸಮುದ್ರದ ಕಟಲ್‌ಫಿಶ್‌ನ ಮಸಿ ಕೂಡ ಪಟ್ಟಿಯಲ್ಲಿದ್ದವು. ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋಗಿದ್ದ ಕಾನ್‌ಸ್ಟಂಟಿನ್ ಹೆರಿಂಗ್ 1828ರಲ್ಲಿ ಹಾವಿನ ವಿಷವನ್ನೂ ಸೇರಿಸಿದರು. ಹೋಮಿಯೋಪತಿಯನ್ನು ಖಂಡಿಸಿ ಬರೆಯಲು ಕೂತು, ಓದುತ್ತಾ ಓದುತ್ತಾ ಅದರ ಪರವಾದವರು ಈ ಹೆರಿಂಗ್. ಮುಂದೆ ಅಮೆರಿಕದಲ್ಲಿ ಅದನ್ನು ಬೆಳೆಸಿದವರಲ್ಲಿ ಮುಂಚೂಣಿಯವರು.

## 'ಆರ್ಗನಾನ್'ನಲ್ಲಿ ಏನಿದೆ?

ಹೋಮಿಯೋಪತಿಯ ಮೂಲಗ್ರಂಥ ಅದು. ಟಾರ್ಗೌ ಊರಿನಲ್ಲಿದ್ದಾಗ ಬರೆದದ್ದು, 1810ರಲ್ಲಿ ಡ್ರೆಸ್ಡನ್‌ನಲ್ಲಿ ಅಚ್ಚಾಯಿತು. ಮೊದಲ ಆವೃತ್ತಿಯಲ್ಲಿ 271 ಸೂತ್ರಗಳು. ನಮ್ಮ ಶಾಸ್ತ್ರಗ್ರಂಥಗಳ ಹಾಗೆ ಸೂತ್ರಕ್ಕೆ ನಂಬರು, ಕೆಳಗೆ ಉದ್ದುದ್ದ ಟಿಪ್ಪಣಿ. ಟಿಪ್ಪಣಿಗಳಲ್ಲೇ ನಿಜವಾದ ಜಗಳ ಇರುವುದು, ಅವನ್ನು ಹಾರಿಸಬೇಡಿ. ಮೊದಲನೇ ಸೂತ್ರ ತೀರಾ ಸರಳ: ಕಾಯಿಲೆ ಬಿದ್ದವರನ್ನು ಗುಣಪಡಿಸುವುದೊಂದೇ ವೈದ್ಯನ ಕೆಲಸ. ಅಂದರೆ ದೇಹದೊಳಗೆ ಏನಾಗಿದೆ ಎಂದು ಸಿದ್ಧಾಂತ ಹೆಣೆಯುತ್ತ ಕೂರುವುದಲ್ಲ ಎಂಬ ಕುಟುಕು.

ನನಗೆ ಹಿಡಿಸುವ ಭಾಗ 83ನೇ ಸೂತ್ರದಿಂದ ಮುಂದಿನದು, ರೋಗಿಯನ್ನು ಮಾತಾಡಿಸುವ ಬಗೆ. ರೋಗಿ ಹೇಳುವಾಗ ನಡುವೆ ಬಾಯಿ ಹಾಕಬೇಡಿ. ಅವರು ಬಳಸಿದ ಮಾತುಗಳಲ್ಲೇ ಬರೆದುಕೊಳ್ಳಿ. ಪ್ರತಿ ಹೊಸ ತೊಂದರೆಯನ್ನು ಹೊಸ ಸಾಲಿನಲ್ಲಿ ಬರೆಯಿರಿ, ನಡುವೆ ಜಾಗ ಬಿಡಿ, ಆಮೇಲೆ ಸೇರಿಸಲು ಬೇಕಾಗುತ್ತದೆ. ಹೌದು-ಇಲ್ಲ ಎಂದು ಉತ್ತರ ಬರುವ ಪ್ರಶ್ನೆ ಕೇಳಬೇಡಿ, ಕೇಳಿದರೆ ರೋಗಿ ನಿಮ್ಮನ್ನು ಮೆಚ್ಚಿಸಲು ಹೂಂ ಅಂದುಬಿಡುತ್ತಾನೆ. ಎರಡು ನಿಮಿಷದಲ್ಲಿ ಚೀಟಿ ಬರೆದು ಕಳಿಸುವ ಕ್ಲಿನಿಕ್ಕುಗಳಲ್ಲಿ ಕಾದು ಕೂತವರಿಗೆ ಈ ಪುಟಗಳು ಇವತ್ತಿಗೂ ಬೇಕು ಅನ್ನಿಸುತ್ತದೆ. ಹಾನಿಮನ್ ತಾವೇ ಹೀಗೆ ಬರೆದಿಟ್ಟ ರೋಗಿಗಳ ದಿನಚರಿ 50ಕ್ಕೂ ಜಾಸ್ತಿ ಸಂಪುಟಗಳಷ್ಟಿದೆ, ಈಗ ಸ್ಟುಟ್‌ಗಾರ್ಟ್‌ನಲ್ಲಿದೆ.

ಅವರ ಜೀವನದಲ್ಲಿ ಐದು ಆವೃತ್ತಿ ಬಂದವು: 1810, 1819, 1824, 1829, 1833. ಎರಡನೆಯದರಿಂದ ಮುಖಪುಟದಲ್ಲಿ 'ತಿಳಿಯುವ ಧೈರ್ಯ ಮಾಡು' ಎಂಬ ಅರ್ಥದ ಲ್ಯಾಟಿನ್ ಮಾತು ಕಾಣುತ್ತದೆ. 'ಜೀವಶಕ್ತಿ' ಎಂಬುದು ಮುಂದೆ ಬಂದು ಕೂರುವುದು 1833ರ ಐದನೇ ಆವೃತ್ತಿಯಲ್ಲಿ.

## ಲೈಪ್‌ಜಿಗ್ ಬಿಟ್ಟು ಹೋಗಿದ್ದು ಯಾಕೆ?

ಔಷಧಿ ಅಂಗಡಿಯವರ ಕೇಸು. ಡಾಕ್ಟರು ಚೀಟಿ ಬರೆಯಬೇಕು, ಮದ್ದು ಮಾಡಿ ಕೊಡುವ ಹಕ್ಕು ಅಂಗಡಿಯವರದು ಎಂಬುದು ಕಾನೂನು. ಹಾನಿಮನ್ ತಾವೇ ಮಾಡಿ ಕೊಡುತ್ತಿದ್ದರು, ಬೇರೆಯವರ ಕೈಯನ್ನು ನಂಬುತ್ತಿರಲಿಲ್ಲ. 1820ರಲ್ಲಿ ತೀರ್ಪು ಅವರ ವಿರುದ್ಧ ಬಂತು. ನೆಪೋಲಿಯನ್ನನ್ನು ಸೋಲಿಸಿದ ಸೇನಾಪತಿ ಶ್ವಾರ್ಟ್‌ಜೆನ್‌ಬರ್ಗ್ ಅದೇ ವರ್ಷ ಚಿಕಿತ್ಸೆಗೆ ಬಂದು ಲೈಪ್‌ಜಿಗ್‌ನಲ್ಲೇ ತೀರಿಕೊಂಡರು. ಅದರಿಂದ ಹೆಸರಿಗೂ ಪೆಟ್ಟು ಬಿತ್ತು. 1821ರಲ್ಲಿ ಕೋಥೆನ್ನಿನ ಡ್ಯೂಕ್ ಫರ್ಡಿನಾಂಡ್ ಆಶ್ರಯ ಕೊಟ್ಟರು, ಮದ್ದು ತಯಾರಿಸಲು ಅನುಮತಿಯೂ ಸಿಕ್ಕಿತು.

## 'ಸೋರಾ' ಸಿದ್ಧಾಂತ ಎಲ್ಲಿಂದ ಬಂತು?

ದೀರ್ಘಕಾಲದ ಕಾಯಿಲೆಗಳು ಸರಿಯಾದ ಮದ್ದಿಗೂ ಬಗ್ಗದೆ ಮರಳಿ ಮರಳಿ ಬರುತ್ತಿದ್ದವು. ಸೂತ್ರ ಸರಿಯಿದ್ದರೆ ಹೀಗೆ ಆಗಬಾರದಲ್ಲ? 1828ರಿಂದ ಬಂದ 'ದೀರ್ಘಕಾಲದ ಕಾಯಿಲೆಗಳು' ಎಂಬ ಪುಸ್ತಕದಲ್ಲಿ ಅವರ ಉತ್ತರ: ಒಳಗೆ ಒಂದು ಹಳೆಯ ಸೋಂಕು ಅಡಗಿದೆ. ಅಂಥವು ಮೂರು: ಲೈಂಗಿಕ ರೋಗವಾದ ಸಿಫಿಲಿಸ್, ಜನನಾಂಗದಲ್ಲಿ ನರಹುಲಿ ಬರುವ ಸೈಕೋಸಿಸ್, ಮತ್ತು ಎಲ್ಲಕ್ಕಿಂತ ದೊಡ್ಡದಾದ ಸೋರಾ. ಕಜ್ಜಿ-ತುರಿಕೆಯನ್ನು ಮೇಲಿಂದ ಮುಲಾಮು ಹಚ್ಚಿ ಅದುಮಿದರೆ ಅದು ಒಳಗೆ ಇಳಿದು ಬೇರೆ ರೋಗವಾಗುತ್ತದೆ ಎಂಬ ವಾದ. ಎಂಟರಲ್ಲಿ ಏಳು ಪಾಲು ದೀರ್ಘಕಾಲದ ರೋಗಕ್ಕೆ ಇದೇ ಮೂಲ ಎಂದರು. ಕಜ್ಜಿಗೆ ಕಾರಣ ಒಂದು ಸಣ್ಣ ಹುಳು ಎಂದು 1834ರಲ್ಲಿ ಪ್ಯಾರಿಸ್‌ನಲ್ಲಿ ಎಲ್ಲರೆದುರು ತೋರಿಸಲಾಯಿತು. ಶಿಷ್ಯರಲ್ಲೇ ಅನೇಕರು ಸೋರಾವನ್ನು ಒಪ್ಪಲಿಲ್ಲ. ಒಪ್ಪದವರನ್ನು, ಎರಡೂ ಪದ್ಧತಿ ಬೆರೆಸುವವರನ್ನು 'ಅರೆ ಹೋಮಿಯೋಪತರು' ಎಂದು 1832ರಲ್ಲಿ ಪತ್ರಿಕೆಯಲ್ಲೇ ಬೈದರು. ವಯಸ್ಸಾದಂತೆ ಹಾನಿಮನ್ ಮೆತ್ತಗಾಗಲಿಲ್ಲ.

## ಆ ಕಾಲದಲ್ಲೇ ಯಾರಾದರೂ ಸರಿಯಾಗಿ ಪರೀಕ್ಷೆ ಮಾಡಿದರಾ?

ಮಾಡಿದರು. ಇತಿಹಾಸದ ಈ ತುಣುಕು ಇನ್ನೂ ಜಾಸ್ತಿ ಜನಕ್ಕೆ ಗೊತ್ತಾಗಬೇಕು.

ನ್ಯೂರೆಂಬರ್ಗ್ ಊರಿನ ಆರೋಗ್ಯಾಧಿಕಾರಿ ಫಾನ್ ಹೋವೆನ್ ಹೋಮಿಯೋಪತಿಯನ್ನು ಟೀಕಿಸಿ ಬೇರೆ ಹೆಸರಿನಲ್ಲಿ ಬರೆದರು. ರಾಯ್ಟರ್ ಎಂಬ ಹೋಮಿಯೋಪತಿ ವೈದ್ಯರು ಸವಾಲು ಹಾಕಿದರು: 30ಸಿ ಉಪ್ಪು ತೆಗೆದುಕೊಂಡು ನೋಡಿ, ಏನಾದರೂ ಅನ್ನಿಸಿಯೇ ಅನ್ನಿಸುತ್ತದೆ. ಊರಿನವರು ಸವಾಲನ್ನು ಅಕ್ಷರಶಃ ತೆಗೆದುಕೊಂಡರು. 1835ರ ಫೆಬ್ರವರಿ 19ರ ಸಂಜೆ 'ಕೆಂಪು ಹುಂಜ' ಎಂಬ ಛತ್ರದಲ್ಲಿ 120ಕ್ಕೂ ಜಾಸ್ತಿ ಜನ ಸೇರಿದರು. 100 ಶೀಶೆಗಳಿಗೆ ನಂಬರು ಹಾಕಿ, ಕಲಸಿ, ಎರಡು ಪಾಲು ಮಾಡಿದರು. ಒಂದು ಪಾಲಿಗೆ ಬಟ್ಟಿ ಇಳಿಸಿದ ಹಿಮದ ನೀರು, ಇನ್ನೊಂದಕ್ಕೆ 30 ಸಲ ತೆಳು ಮಾಡಿದ ಉಪ್ಪಿನ ನೀರು. ಯಾವ ನಂಬರಿನಲ್ಲಿ ಏನಿದೆ ಎಂಬ ಪಟ್ಟಿಯನ್ನು ಮೊಹರು ಹಾಕಿ ಮುಚ್ಚಿಟ್ಟರು. ಕುಡಿಯುವವರಿಗೂ ಗೊತ್ತಿಲ್ಲ, ಕೇಳಿ ಬರೆದುಕೊಳ್ಳುವವರಿಗೂ ಗೊತ್ತಿಲ್ಲ. ಮೂರು ವಾರ ಬಿಟ್ಟು ಮತ್ತೆ ಸೇರಿದರು. ವರದಿ ಕೊಟ್ಟ 50 ಜನರಲ್ಲಿ 42 ಮಂದಿಗೆ ಏನೂ ಆಗಿರಲಿಲ್ಲ. ಏನೋ ಆಯಿತು ಎಂದವರು 8 ಮಂದಿ. ಪಟ್ಟಿ ಬಿಚ್ಚಿದಾಗ ಅವರಲ್ಲಿ 5 ಜನರದು ಉಪ್ಪಿನದು, 3 ಜನರದು ಬರೀ ನೀರು.

ಇವತ್ತಿನ ಔಷಧಿ ಪರೀಕ್ಷೆಗಳ ಅಸ್ಥಿಪಂಜರವೆಲ್ಲ ಇದರಲ್ಲಿದೆ: ಚೀಟಿ ಎತ್ತಿದ ಹಾಗೆ ಹಂಚಿಕೆ, ಹೋಲಿಕೆಗೆ ಸಪ್ಪೆ ನೀರು, ಇಬ್ಬರ ಕಣ್ಣಿಗೂ ಪಟ್ಟಿ. ಅಂಥದ್ದು ಶುರುವಾಗಿದ್ದು ವಿಶ್ವವಿದ್ಯಾಲಯದಲ್ಲಲ್ಲ, ಬಿಯರ್ ಕುಡಿಯುವ ಜಾಗದಲ್ಲಿ.

## ಕಾಫಿ ಕುಡಿಯಬಾರದು ಅನ್ನುವುದು ಅವರೇ ಹೇಳಿದ್ದಾ?

ಹೌದು. 1803ರಲ್ಲಿ ಕಾಫಿಯ ವಿರುದ್ಧ ಒಂದು ಇಡೀ ಪ್ರಬಂಧವನ್ನೇ ಬರೆದರು. ಎಷ್ಟೋ ಹಳೇ ಕಾಯಿಲೆಗಳಿಗೆ ಕಾಫಿಯೇ ಕಾರಣ ಎಂಬ ವಾದ. ಚಿಕ್ಕಮಗಳೂರಿನವರು ಓದಿ ಬೇಜಾರು ಮಾಡಿಕೊಳ್ಳಬೇಡಿ. ಪೈಪ್ ಸೇದುವ ಚಟ ಮಾತ್ರ ಹಾನಿಮನ್‌ಗೆ ಕೊನೆವರೆಗೂ ಇತ್ತು.

## ಆರನೇ ಆವೃತ್ತಿ ಅಷ್ಟು ತಡವಾಗಿ ಬಂದದ್ದು ಯಾಕೆ?

1834ರಲ್ಲಿ ಪ್ಯಾರಿಸ್‌ನಿಂದ ಮೆಲನಿ ಎಂಬ ಚಿತ್ರಕಾರ್ತಿ ಕೋಥೆನ್‌ಗೆ ಚಿಕಿತ್ಸೆಗೆ ಬಂದರು. 1835ರ ಜನವರಿಯಲ್ಲಿ ಮದುವೆಯೇ ಆಯಿತು. ಹಾನಿಮನ್‌ಗೆ ಆಗ 79, ಆಕೆಗೆ ಮೂವತ್ತರ ಆಸುಪಾಸು. ಇಬ್ಬರೂ ಪ್ಯಾರಿಸ್‌ಗೆ ಹೋದರು, ಅಲ್ಲಿ ಕ್ಲಿನಿಕ್ ಭರ್ಜರಿಯಾಗಿ ನಡೆಯಿತು. ಪಿಟೀಲು ವಾದಕ ಪಗನಿನಿ ಕೂಡ ರೋಗಿಯಾಗಿ ಬಂದಿದ್ದರು. ಮೆಲನಿ ತಾವೂ ಕಲಿತು ರೋಗಿಗಳನ್ನು ನೋಡುತ್ತಿದ್ದರು. ಅದಕ್ಕಾಗಿ 1847ರಲ್ಲಿ ಕೋರ್ಟು ಮೆಟ್ಟಿಲು ಹತ್ತಬೇಕಾಯಿತು.

ಆರನೇ ಆವೃತ್ತಿಯ ತಿದ್ದುಪಡಿ 1842ಕ್ಕೆ ಮುಗಿದಿತ್ತು. 1843ರ ಜುಲೈ 2ರಂದು ಹಾನಿಮನ್ ತೀರಿಕೊಂಡರು. ಹಸ್ತಪ್ರತಿ ಮೆಲನಿ ಬಳಿ ಉಳಿಯಿತು, 1878ರಲ್ಲಿ ಆಕೆ ಹೋದ ಮೇಲೆ ಮನೆಯವರ ಬಳಿ. ಕೊನೆಗೆ ರಿಚರ್ಡ್ ಹೇಲ್ ಎಂಬ ವೈದ್ಯರು ಅಮೆರಿಕದವರ ಹಣದ ನೆರವಿನಿಂದ ಅದನ್ನು ಪಡೆದು 1921ರಲ್ಲಿ ಅಚ್ಚು ಹಾಕಿಸಿದರು. ಅಂದರೆ 78 ವರ್ಷ ಇಡೀ ಜಗತ್ತಿನ ಹೋಮಿಯೋಪತಿ ನಡೆದದ್ದು ಐದನೇ ಆವೃತ್ತಿಯ ಮೇಲೆ. 50,000 ಪಟ್ಟು ತೆಳು ಮಾಡುತ್ತಾ ಹೋಗುವ ಹೊಸ ವಿಧಾನ ಆರನೆಯದರಲ್ಲಿ ಮಾತ್ರ ಇದೆ.

## ಭಾರತಕ್ಕೆ, ಕರ್ನಾಟಕಕ್ಕೆ ಯಾವಾಗ ಬಂತು?

ಟ್ರಾನ್ಸಿಲ್ವೇನಿಯಾದ ಹೊನಿಗ್‌ಬರ್ಗರ್ ಎಂಬ ವೈದ್ಯರು ಹಾನಿಮನ್ ಅವರನ್ನು ಪ್ಯಾರಿಸ್‌ನಲ್ಲಿ ಕಂಡಿದ್ದರು. 1839ರಲ್ಲಿ ಲಾಹೋರಿನಲ್ಲಿ ಮಹಾರಾಜ ರಣಜಿತ್ ಸಿಂಗ್‌ಗೆ ಈ ಮದ್ದು ಕೊಟ್ಟರು. ಮಹಾರಾಜ ಅದೇ ವರ್ಷ ಜೂನ್‌ನಲ್ಲಿ ತೀರಿಕೊಂಡರು. ಪದ್ಧತಿ ಬೇರೂರಿದ್ದು ಕಲ್ಕತ್ತಾದಲ್ಲಿ. ರಾಜೇಂದ್ರಲಾಲ್ ದತ್ತ ಅಲ್ಲಿ ಅದನ್ನು ಹರಡಿದರು. ಕಲ್ಕತ್ತಾ ವಿಶ್ವವಿದ್ಯಾಲಯದ ಎಂ.ಡಿ. ಮಹೇಂದ್ರಲಾಲ್ ಸರ್ಕಾರ್ ಹೆರಿಂಗ್ ಅವರ ಹಾಗೆಯೇ ಟೀಕಿಸಲು ಹೊರಟು 1867ರಲ್ಲಿ ಬಹಿರಂಗವಾಗಿ ಪಕ್ಷ ಬದಲಿಸಿದರು. 1876ರಲ್ಲಿ ವಿಜ್ಞಾನ ಸಂಶೋಧನಾ ಸಂಸ್ಥೆ ಕಟ್ಟಿದವರೂ ಇವರೇ. ಸಿ.ವಿ. ರಾಮನ್ ಮುಂದೆ ನೊಬೆಲ್ ತಂದುಕೊಟ್ಟ ಕೆಲಸ ಮಾಡಿದ್ದು ಅಲ್ಲೇ.

ನಮ್ಮ ಕಡೆ ಹೇಳಬೇಕಾದ ಹೆಸರು ಫಾದರ್ ಮುಲ್ಲರ್. ಜರ್ಮನಿಯ ಈ ಜೆಸ್ಯೂಟ್ ಪಾದ್ರಿ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಔಷಧಾಲಯ ಶುರು ಮಾಡಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಅದೇ ಬೆಳೆದು ಇವತ್ತಿನ ಫಾದರ್ ಮುಲ್ಲರ್ ಸಂಸ್ಥೆಗಳಾಗಿವೆ. ಈಗ ಅಲ್ಲಿ ಆಧುನಿಕ ವೈದ್ಯಕೀಯ ಕಾಲೇಜೂ ಇದೆ, ಹೋಮಿಯೋಪತಿ ಕಾಲೇಜೂ ಇದೆ.

## ಇವತ್ತಿನ ವಿಜ್ಞಾನ ಏನನ್ನುತ್ತದೆ?

ಚಿಕ್ಕದಾಗಿ ಹೇಳುತ್ತೇನೆ. ಆಸ್ಟ್ರೇಲಿಯಾದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿತು. ಹೋಮಿಯೋಪತಿ ಪರಿಣಾಮಕಾರಿ ಎನ್ನಲು ನಂಬಲರ್ಹ ಪುರಾವೆ ಯಾವ ಕಾಯಿಲೆಗೂ ಇಲ್ಲ ಎಂದಿತು. ಭಾರತದಲ್ಲಿ ಇದು ಸರ್ಕಾರದ ಮಾನ್ಯತೆ ಇರುವ ಪದ್ಧತಿ, 1973ರಲ್ಲಿ ಅದಕ್ಕೆ ಕಾಯ್ದೆಯೂ ಬಂತು. ಮಾನ್ಯತೆ ಬೇರೆ, ಪುರಾವೆ ಬೇರೆ. ಹಾನಿಮನ್ ಕಾಲದಲ್ಲಿ ಅವರ ರೋಗಿಗಳು ಚೆನ್ನಾಗಿ ಉಳಿದುಕೊಂಡಿದ್ದರೆ, ರಕ್ತ ತೆಗೆಯದೆ, ಪಾದರಸ ತಿನ್ನಿಸದೆ ಬಿಟ್ಟಿದ್ದೇ ಒಂದು ದೊಡ್ಡ ಕಾರಣ ಇರಬೇಕು. ಈಗ ಎದುರಿಗಿರುವುದು ಆ ವೈದ್ಯಕೀಯವಲ್ಲ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಡೆಂಗಿ, ಮಕ್ಕಳ ಜ್ವರದಂಥವುಗಳಲ್ಲಿ ನಡೆಯುತ್ತಿರುವ ಚಿಕಿತ್ಸೆ ನಿಲ್ಲಿಸಬೇಡಿ.

## ಮೂಲವನ್ನೇ ಓದಬೇಕು, ಎಲ್ಲಿಂದ ಶುರು ಮಾಡಲಿ?

ಮೊದಲು 1796ರ ಪ್ರಬಂಧ. ಅದರಲ್ಲಿರುವ ಹಾನಿಮನ್ ಇನ್ನೂ ಹುಡುಕುತ್ತಿರುವ ಮನುಷ್ಯ, ತೀರ್ಪು ಕೊಡುವ ಗುರು ಅಲ್ಲ. ಡಡ್ಜನ್ ಎಂಬ ಬ್ರಿಟಿಷ್ ವೈದ್ಯರು ಸೇರಿಸಿ ಅನುವಾದಿಸಿದ ಸಣ್ಣ ಬರಹಗಳ ಸಂಪುಟದಲ್ಲಿ ಅದು ಸಿಗುತ್ತದೆ, ಕಾಫಿ ಪ್ರಬಂಧವೂ ಅಲ್ಲೇ ಇದೆ. ಆಮೇಲೆ ಆರ್ಗನಾನ್, ಟಿಪ್ಪಣಿಗಳ ಸಮೇತ. ಮೆಟೀರಿಯಾ ಮೆಡಿಕಾದಲ್ಲಿ ಸಿಂಕೋನಾ ಮತ್ತು ಕಾಸರಕದ ಅಧ್ಯಾಯ ಮಾತ್ರ ತಿರುವಿ ಹಾಕಿದರೆ ಸಾಕು. ಸೂತ್ರದ ನಂಬರು ಹೇಳುವಾಗ ಕೈಯಲ್ಲಿರುವುದು ಯಾವ ಆವೃತ್ತಿ ಎಂದು ನೋಡಿಕೊಳ್ಳಿ. ಐದನೆಯದರಲ್ಲಿ 294 ಸೂತ್ರ, ಆರನೆಯದರಲ್ಲಿ 291. ಕೊನೆಕೊನೆಯ ಸೂತ್ರಗಳು, ಅದರಲ್ಲೂ ಮದ್ದಿನ ಪ್ರಮಾಣದ ಬಗ್ಗೆ ಇರುವವು, ಎರಡರಲ್ಲೂ ಬೇರೆ ಬೇರೆ.